ಎಕೋ ಕೋಣೆಗೆ ಬಂದ ಹಣಮವ್ವ

ಹೃದಯದ ಸ್ಕ್ಯಾನಿಂಗ್ ಮಾಡುವ ಕೋಣೆಯಲ್ಲಿ ಎಸಿ ಇರುವುದು ರೋಗಿಗಳಿಗಾಗಿ ಅಲ್ಲ, ಯಂತ್ರಕ್ಕಾಗಿ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದೇ. ಯಂತ್ರ ಬಿಸಿಯಾಗಬಾರದೆಂದು ಕೋಣೆಯನ್ನು ತಣ್ಣಗಿಡುತ್ತಾರೆ. ಆ ಚಳಿಯಲ್ಲಿ ರವಿಕೆ ಬಿಚ್ಚಿ ಮಲಗಬೇಕಾದವಳು ಒಬ್ಬ ಹೆಂಗಸು ಎನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಒಂದು ಹಳೆಯ ಶಾಲು ತಂದಿಟ್ಟುಕೊಳ್ಳಿ. ಎದೆಗೆ ಹಚ್ಚುವ ಜೆಲ್ಲಿಯ ಬಾಟಲಿಯನ್ನು ಬಿಸಿನೀರಿನ ಬಟ್ಟಲಲ್ಲಿ ನಿಲ್ಲಿಸಿ. ಇವನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ. ನನಗೂ ಕಲಿಸಿರಲಿಲ್ಲ. ಬೈಸಿಕೊಂಡು ಕಲಿತೆ.

ನಾನು ಶಾಂತಾ, ಲಿಂಗಸೂಗೂರು ಕಡೆಯವಳು. ಗಂಡನಿಗೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸವಿದ್ದುದರಿಂದ ಮದುವೆಯಾದ ವರ್ಷವೇ ಹೈದರಾಬಾದಿಗೆ ಬಂದೆ. ಕೂಕಟ್‌ಪಲ್ಲಿಯಲ್ಲಿ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳಾಗಿ ಸೇರಿದೆ. ಹೃದಯದ ಸ್ಕ್ಯಾನಿಂಗಿನ ಎಕೋ ಯಂತ್ರ ಬಂದಾಗ, ಕೈ ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನನ್ನು ಅದರ ಮುಂದೆ ಕೂರಿಸಿದರು. ನಿವೃತ್ತಿಯವರೆಗೂ ಅಲ್ಲಿಂದ ಏಳಲಿಲ್ಲ. ಎದೆಯ ಮೇಲೆ ಒತ್ತಿ ನೋಡುವ ಪ್ರೋಬ್ ಹಿಡಿದು ಹಿಡಿದು ಬಲಭುಜ ಈಗ ತಲೆ ಬಾಚಲೂ ಮೇಲೇಳುವುದಿಲ್ಲ. ಆದರೂ ಆ ಕತ್ತಲೆ ಕೋಣೆ, ಪರದೆಯ ಬೂದು ಬೆಳಕು, ರಕ್ತ ಹರಿಯುವ ಆ ಹುಶ್ ಹುಶ್ ಸದ್ದು ನೆನಪಾದರೆ ಭುಜದ ನೋವು ನೋವೆನಿಸುವುದಿಲ್ಲ.

ನನಗೆ ಕೆಲಸ ಕಲಿಸಿದವರು ಹಬೀಬ್ ಸಾಹೇಬರು, ನಮ್ಮ ದೊಡ್ಡ ಡಾಕ್ಟರು. ಹಳೇ ಶಹರದವರು. ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುತ್ತಿತ್ತು, ಅದಕ್ಕೇ ಎಲ್ಲರೂ ಹೆದರುತ್ತಿದ್ದರು. ಮೊದಲ ತಿಂಗಳು ಅವರು ನನಗೆ ಪ್ರೋಬ್ ಮುಟ್ಟಲು ಬಿಡಲಿಲ್ಲ. ಬಂದವರ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವುದಷ್ಟೇ ನನ್ನ ಕೆಲಸ. ನನಗೆ ಬೇಸರ. ಅದು ನರ್ಸುಗಳ ಕೆಲಸವಲ್ಲವೇ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ನಂಬರ್ ಕೋ ನಕ್ಕೋ ದೇಖೋ ಬೇಟಾ, ದಿಲ್ ಕೋ ದೇಖೋ," ಎಂದರು ಅವರು. ಸಂಖ್ಯೆ ನೋಡಬೇಡ, ಹೃದಯ ನೋಡು. ಆಮೇಲೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಬಂಡಿಯಲ್ಲಿ ಎಷ್ಟು ಭಾರ ಹೇರಿದ್ದಾರೆ ಎಂದು ನೋಡದೆ ಎತ್ತು ಸೋಮಾರಿ ಅನ್ನಬಾರದು. ಹೃದಯ ಎಳೆಯುವ ಭಾರವೇ ಬಿಪಿ. ಭಾರ ಎಷ್ಟೆಂದು ತಿಳಿಯದೆ ಪಂಪಿಂಗ್ ಎಷ್ಟೆಂದು ಬರೆದರೆ ಅದು ಅರ್ಧ ಮಾತು.

ಪಂಪಿಂಗ್ ಎಂದರೆ ಇಷ್ಟೇ. ಹೃದಯದ ಎಡಗಡೆಯ ಕೆಳಕೋಣೆ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ. ನೂರಕ್ಕೆ ಅರವತ್ತರ ಆಸುಪಾಸು ಇದ್ದರೆ ಚೆನ್ನಾಗಿದೆ ಎಂದೇ ಅರ್ಥ, ನೂರಕ್ಕೆ ನೂರು ಯಾರಿಗೂ ಇರುವುದಿಲ್ಲ. ಇದನ್ನು ಮೊದಲೇ ಹೇಳಬೇಕು. ಹೇಳದೆ "ಅರವತ್ತು ಬಂದಿದೆ" ಎಂದರೆ ರೋಗಿಗಳು, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರಂತೆ, ಅಲ್ಲೇ ಅತ್ತುಬಿಡುತ್ತಾರೆ.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಅರವತ್ತೈದು ಬಂದವನ ವಿಷಯದಲ್ಲಿ. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಮಾಸ್ತರ. ಮೂವತ್ತು ದಾಟಿರಲಿಲ್ಲ. ಆಗ ಅಲ್ಲಿ ಒಂದೊಂದು ಕಟ್ಟಡಕ್ಕೆ ಹತ್ತು ಬೋರ್ಡು, ಒಂದೊಂದು ಕೋಣೆಯಲ್ಲಿ ನೂರು ಹುಡುಗರು. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿಯವರೆಗೂ ಪಾಠ. ನಾಲ್ಕನೇ ಮಹಡಿಯ ಕ್ಲಾಸಿಗೆ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ, ಮೊದಲ ಐದು ನಿಮಿಷ ಬೋರ್ಡಿನ ಮೇಲೆ ಸುಮ್ಮನೆ ಏನಾದರೂ ಬರೆಯುತ್ತ ನಿಲ್ಲುತ್ತೇನೆ ಎಂದ. ಬಿಪಿ ಬಹಳ ಹೆಚ್ಚಿತ್ತು. ಪಂಪಿಂಗ್ ಮಾತ್ರ ಅರವತ್ತೈದು. ನಾನು ಖುಷಿಯಿಂದ, "ಮೀ ಗುಂಡೆ ಫಸ್ಟ್ ಕ್ಲಾಸ್ ಸಾರ್," ನಿಮ್ಮ ಹೃದಯ ಫಸ್ಟ್ ಕ್ಲಾಸ್, ಎಂದು ಹೇಳಿ ಕಳಿಸಿಬಿಟ್ಟೆ.

ಸಂಜೆ ಎಕೋದ ಚಿತ್ರ ತುಂಬಿದ ಟೇಪು ನೋಡಿದ ಹಬೀಬ್ ಸಾಹೇಬರು ನನ್ನನ್ನು ಕರೆದರು. ದನಿ ಮೆತ್ತಗಿತ್ತು. ತಮ್ಮ ಮುಷ್ಟಿಯನ್ನು ಬಿಗಿದು ತೋರಿಸಿ, "ಇದು ಬರುತ್ತದೆ," ಎಂದರು. ಆಮೇಲೆ ಬೆರಳುಗಳನ್ನು ಅರ್ಧ ಮಾತ್ರ ಬಿಚ್ಚಿ, "ಇದು ಬರುತ್ತಿಲ್ಲ," ಎಂದರು. ವರ್ಷಗಟ್ಟಲೆ ಹೆಚ್ಚಿನ ಒತ್ತಡದ ಎದುರು ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪಗಾಗಿತ್ತು. ದಪ್ಪಗಾದದ್ದು ಗಡುಸಾಗುತ್ತದೆ. ಗಡುಸಾದ ಕೋಣೆ ಸಡಿಲಗೊಂಡು ತುಂಬಿಕೊಳ್ಳಲಾರದು. ತುಂಬದ ರಕ್ತ ಶ್ವಾಸಕೋಶದ ಕಡೆಗೆ ನಿಂತುಕೊಳ್ಳುತ್ತದೆ, ಅದಕ್ಕೇ ಮೆಟ್ಟಿಲ ಮೇಲೆ ಏದುಸಿರು. ತಳ್ಳುವ ಪಾಲು ಮಾತ್ರ ನೋಡಿದರೆ ಎಲ್ಲವೂ ಸರಿ. ಮಾಸ್ತರನನ್ನು ಮರುದಿನವೇ ಕರೆಸಿ ಗುಳಿಗೆ ಶುರು ಮಾಡಿದರು. "ಈಗ ಗಡುಸು. ಹೀಗೇ ಬಿಟ್ಟರೆ ಒಂದು ದಿನ ಹಿಗ್ಗಿ ಜೋತು ಬೀಳುತ್ತದೆ, ಆಗ ನಿನ್ನ ನಂಬರೂ ಬೀಳುತ್ತದೆ," ಎಂದು ನನಗೆ ಹೇಳಿದರು. ಹಾಗೆ ಬಿದ್ದದ್ದನ್ನು ನಾನು ನೋಡಿದ್ದು ಹಣಮವ್ವನಲ್ಲಿ.

ಆ ಹೊತ್ತಿಗೆ ಊರಂಚಿನ ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಕಟ್ಟುವ ಭರಾಟೆ ಏರಿತ್ತು. ಕಂಪನಿಗಳು ತಮ್ಮ ನೌಕರರನ್ನು ವ್ಯಾನುಗಳಲ್ಲಿ ತುಂಬಿ ಹೆಲ್ತ್ ಚೆಕಪ್ಪಿಗೆ ಕಳಿಸುತ್ತಿದ್ದವು. ದಿನಕ್ಕೆ ಹನ್ನೆರಡು ಎಕೋ ಮಾಡುತ್ತಿದ್ದವಳು ನಲವತ್ತು ಮಾಡತೊಡಗಿದೆ. ಹೊಸ ಮ್ಯಾನೇಜರು ಒಬ್ಬರಿಗೆ ಹತ್ತು ನಿಮಿಷ ಎಂದು ಗೋಡೆಗೆ ಚೀಟಿ ಅಂಟಿಸಿದ. ಹಬೀಬ್ ಸಾಹೇಬರು ವಾರಕ್ಕೆ ಮೂರೇ ದಿನ ಬರುತ್ತಿದ್ದರು. ನಾನು ಬಿಪಿ ನೋಡುವುದನ್ನು ಬಿಟ್ಟೆ. ಹೊರಗಿನ ಓಪಿಡಿಯಲ್ಲಿ ಹೇಗೂ ನೋಡಿರುತ್ತಾರಲ್ಲ ಎಂದು ಅವರ ಚೀಟಿಯಲ್ಲಿದ್ದುದನ್ನೇ ನನ್ನ ವರದಿಗೆ ಇಳಿಸಿಕೊಳ್ಳತೊಡಗಿದೆ. ಇದನ್ನು ಮುಚ್ಚಿಡುವುದಿದ್ದರೆ ಈ ಬರಹವೇ ಬೇಕಾಗಿರಲಿಲ್ಲ.

ಒಂದು ಶುಕ್ರವಾರ ಹಣಮವ್ವ ಬಂದಳು. ನಲವತ್ತರ ಒಳಗಿನ ಹೆಂಗಸು. ಕಟ್ಟಡದ ಮೇಲೆ ಇಟ್ಟಿಗೆ, ಕಾಂಕ್ರೀಟು ಹೊರುವವಳು. ಕಾಲು ಊದಿದ್ದವು, ಮಲಗಿದರೆ ಕೆಮ್ಮು. ನಾನು ಎಲ್ಲರಿಗೂ ಹೇಳುವ ಹಾಗೆ ತೆಲುಗಿನಲ್ಲಿ, "ಎಡಮ ವೈಪು ತಿರಗಂಡಿ ಅಮ್ಮಾ," ಎಂದೆ. ಅವಳು ಎಡಕ್ಕೆ ಹೊರಳಿದಳು. ಜೆಲ್ಲಿ ಹಚ್ಚಿ ಪ್ರೋಬ್ ಇಟ್ಟ ಕೂಡಲೇ ಹಲ್ಲು ಕಚ್ಚಿಕೊಂಡು ತನ್ನಷ್ಟಕ್ಕೆ ಗೊಣಗಿದಳು: "ಇದರ ಮಾರಿಗಿಷ್ಟು ಮಣ್ಣ ಹಾಕ್ಲಿ, ಹೆಣದ ಕೈ ಇದ್ದಂಗ ಐತಿ."

ನನಗೆ ನಗು ತಡೆಯಲಾಗಲಿಲ್ಲ. ಪರದೆಯ ಮೇಲಿನ ಹೃದಯವೂ ಕುಲುಕಿತು. "ಕೈ ಅಲ್ಲವ್ವ, ಜೆಲ್ಲಿ ತಣ್ಣಗ ಐತಿ," ಎಂದೆ.

ಅವಳು ಎದ್ದೇ ಕುಳಿತಳು. "ಯವ್ವಾ! ನಿಮಗ ಕನ್ನಡ ಬರತೈತೇನ್ರಿ? ಮೊದಲ ಹೇಳಬಾರದ? ನಾ ಎಷ್ಟ್ ಬೈದೆ!"

"ಇನ್ನೂ ಬೈ. ಭಾಳ ದಿನಾತು ಯಾರೂ ಬೈದಿಲ್ಲ."

ಯಾದಗಿರಿ ಕಡೆಯವಳು. ಗಂಡ ಸಾಬಣ್ಣನೂ ಅದೇ ಕೆಲಸದ ಮೇಲಿದ್ದ, ಸೆಂಟ್ರಿಂಗ್ ಹಲಗೆ ಹೊಡೆಯುವವನು. ಅವಳನ್ನು ಮತ್ತೆ ಮಲಗಿಸಿ, ನಗುತ್ತ ಮಾತಾಡುತ್ತಲೇ ಪರದೆ ನೋಡಿದೆ, ನಗು ನಿಂತಿತು. ಎಡಗಡೆಯ ಕೋಣೆ ಹಿಗ್ಗಿತ್ತು. ಸಂಕುಚಿಸುವುದು ಎಂಬುದೇ ಇಲ್ಲ, ತೂಕಡಿಸುವವನು ತಲೆ ಎತ್ತಿ ಇಳಿಸಿದ ಹಾಗೆ ಅಲುಗುತ್ತಿತ್ತು. ಪಂಪಿಂಗ್ ಇಪ್ಪತ್ತೆಂಟು. ಗೋಡೆಯ ದಪ್ಪ ಅಳೆದೆ, ಹದಿನೈದು ಮಿಲಿಮೀಟರ್. ಹನ್ನೊಂದು ದಾಟಬಾರದು. ಬರೆದೆ. ಚೀಟಿಯಲ್ಲಿ ಬಿಪಿ ೧೩೦/೮೦ ಎಂದಿತ್ತು. ಅದನ್ನೂ ಬರೆದೆ. ಹೊರಗೆ ವ್ಯಾನಿನಲ್ಲಿ ಬಂದವರ ಸಾಲು ಕಾದಿತ್ತು.

ಅಂದು ಇದ್ದವರು ಹೊಸದಾಗಿ ಸೇರಿದ ಯುವ ಡಾಕ್ಟರು. ಬಿಪಿ ಸರಿಯಿದೆ, ಪಂಪಿಂಗ್ ಇಲ್ಲ, ಹಾಗಾದರೆ ಹೃದಯದ ಸ್ನಾಯುವೇ ಕೆಟ್ಟಿದೆ ಎಂದು ಅವರು ತಿಳಿದದ್ದರಲ್ಲಿ ತಪ್ಪಿಲ್ಲ. ಕಾಲಿನ ಊತ ಇಳಿಯಲು ಗುಳಿಗೆ ಬರೆದು, ಇನ್ನು ಮಾಡುವುದು ಹೆಚ್ಚೇನಿಲ್ಲ, ಊರಿಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೋ ಎಂದು ಸಾಬಣ್ಣನಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಆ ಹದಿನೈದು ಎಂಬ ಸಂಖ್ಯೆ ಎದುರಿಗೆ ಬಂದು ನಿಂತಿತು. ಸ್ನಾಯುವೇ ಕೆಟ್ಟು ಹಿಗ್ಗಿದ ಹೃದಯಗಳನ್ನು ಎಷ್ಟೋ ನೋಡಿದ್ದೆ. ಅವುಗಳ ಗೋಡೆ ಸಾಮಾನ್ಯವಾಗಿ ತೆಳ್ಳಗಾಗಿರುತ್ತದೆ. ಇವಳದು ದಪ್ಪ. ಭಾರ ಎಳೆಯದ ಎತ್ತಿಗೆ ಹೆಗಲು ಗಟ್ಟಿಯಾಗುವುದುಂಟೇ? ಆಸ್ಪತ್ರೆಗೆ ಹೋದವಳು ನೇರ ಓಪಿಡಿಗೆ ನಡೆದು, ಶುಕ್ರವಾರದ ಚೀಟಿಗಳನ್ನು ತೆಗೆಸಿ ನೋಡಿದೆ. ಮುದುಕರು, ಹುಡುಗರು, ಬಸುರಿಯರು, ಎಲ್ಲರದೂ ೧೩೦/೮೦. ಆ ಬೆಳಗಿನ ಗದ್ದಲದಲ್ಲಿ ಅಲ್ಲಿಯೂ ಯಾರೂ ಯಾರ ತೋಳಿಗೂ ಪಟ್ಟಿ ಕಟ್ಟಿರಲಿಲ್ಲ. ಹಣಮವ್ವನ ಫೈಲು ತೆಗೆಸಿದೆ.

ಫೈಲಿನಲ್ಲಿ ವಿಳಾಸ ಎಂದು ಇದ್ದುದು ಇಷ್ಟೇ: ಕಟ್ಟಡದ ಶೆಡ್, ಮಾದಾಪುರ. ಆಗ ಮಾದಾಪುರವೆಲ್ಲ ಕಟ್ಟಡದ ಶೆಡ್ಡೇ.

ಭಾನುವಾರ ಬಿಪಿ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಗಂಡ ಬರುತ್ತೇನೆಂದರು, ಬೇಡವೆಂದೆ. ತಪ್ಪು ಮಾಡಿದವಳಿಗೆ ಜೊತೆ ಇರಬಾರದು ಅನ್ನಿಸಿತ್ತು. ಒಂದೊಂದು ಕಟ್ಟಡದ ಗೇಟಿನಲ್ಲೂ ನಿಂತು, "ಯಾದಗಿರಿ ಕಡೇದವರು ಯಾರರ ಅದೀರೇನು?" ಎಂದು ಕೂಗಿದೆ. ಇಷ್ಟು ವರ್ಷ ಹೈದರಾಬಾದಿನ ಬೀದಿಯಲ್ಲಿ ನಾನು ಗಟ್ಟಿಯಾಗಿ ಕನ್ನಡ ಮಾತಾಡಿದ್ದೇ ಇಲ್ಲ. ಒಂದು ಕಡೆ ಪಾಲಮೂರಿನ ತೆಲುಗಿನವರು ಸಿಕ್ಕರು, ಇನ್ನೊಂದು ಕಡೆ ಒಡಿಶಾದವರು. ನಾಲ್ಕನೆಯದರಲ್ಲಿ, ತಗಡಿನ ಸಾಲಿನ ಒಳಗಿನಿಂದ ಒಬ್ಬಳು, "ಅದೀವ್ರೀ!" ಎಂದು ಉತ್ತರ ಕೊಟ್ಟಳು. ಆ ಮೂರು ಅಕ್ಷರದ ಉತ್ತರಕ್ಕೆ ನನಗೆ ಅಳು ಬಂತು.

ಹಣಮವ್ವ ಖಾಲಿ ಸಿಮೆಂಟು ಚೀಲಗಳ ರಾಶಿಗೆ ಒರಗಿ ಕೂತಿದ್ದಳು. ಮಲಗಲಾಗುತ್ತಿರಲಿಲ್ಲ. ಪಕ್ಕದಲ್ಲಿ ಕಟ್ಟಿದ ಗಂಟು. ಮರುದಿನ ಊರಿನ ಬಸ್ಸು. ನನ್ನನ್ನು ಕಂಡು, "ಜೆಲ್ಲಿ ತಂದೀರೇನ್ರಿ?" ಎಂದಳು, ಏದುಸಿರಿನ ನಡುವೆ.

ಪಟ್ಟಿ ಕಟ್ಟಿದೆ. ಪಾದರಸ ಏರಿತು. ನಿಧಾನಕ್ಕೆ ಇಳಿಸಿದೆ. ಮೊದಲ ಸದ್ದು ಇನ್ನೂರ ಮೂವತ್ತಕ್ಕೇ ಕೇಳಿತು. ಕೊನೆಯದು ನೂರಮೂವತ್ತಕ್ಕೆ. ನನ್ನ ಕಿವಿಯನ್ನೇ ನಂಬದೆ ಇನ್ನೊಂದು ತೋಳಿಗೆ ಕಟ್ಟಿದೆ. ಅಷ್ಟೇ ಇತ್ತು.

"ಈಗಿಂದೀಗ ದವಾಖಾನಿಗೆ ನಡೀರಿ," ಎಂದೆ.

ಸಾಬಣ್ಣ ಎದ್ದು ನಿಂತ. ಎತ್ತರದ ಮನುಷ್ಯ, ಮಾತು ಕಡಿಮೆ. "ಮೊನ್ನೆ ಡಾಕ್ಟರ್ ಮುಗೀತು ಅಂದ್ರು. ಇವತ್ತ ನೀವು ಬಾ ಅಂತೀರಿ. ನಾವು ಯಾರ ಮಾತ ಕೇಳಬೇಕ್ರಿ?"

ಏನೇನೋ ಹೇಳಬಹುದಿತ್ತು. ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ಚೀಟಿ ಬರೆದವರ ಮೇಲೆ ಹಾಕಬಹುದಿತ್ತು. "ತಪ್ಪು ನಂದಪ್ಪ," ಎಂದೆ. "ಈಕಿ ಬಿಪಿ ನಾ ನೋಡಲೇ ಇಲ್ಲ. ನೋಡೀನಿ ಅಂತ ಬರದೆ. ಅದನ್ನ ನಂಬಿ ಡಾಕ್ಟರ್ ಹಂಗಂದ್ರು."

ಸುತ್ತ ಹತ್ತು ಮಂದಿ ಸೇರಿದ್ದರು. ಯಾರಾದರೂ ಒಬ್ಬರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮಾತಾಡಿದವಳು ಹಣಮವ್ವ.

"ನಡಿ ಹೋಗೂಣು. ತಪ್ಪು ಒಪ್ಪಿದಾಕಿ ಜೋಡಿ ಒಮ್ಮೆ ಹೋಗಿ ನೋಡೂಣು. ಒಪ್ಪದವರ ಜೋಡಿ ಭಾಳ ತಿರಗೀವಿ."

ಆಟೋದಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು ಬಂದೆವು. ಕಾಯಿನ್ ಬೂತಿನಿಂದ ಹಬೀಬ್ ಸಾಹೇಬರ ಮನೆಗೆ ಫೋನು ಮಾಡಿದೆ. ರಜೆಯ ದಿನ, ಮಧ್ಯಾಹ್ನದ ಊಟ ಬಿಟ್ಟು ಮನೆಯ ಚಪ್ಪಲಿಯಲ್ಲೇ ಬಂದರು. ಎಲ್ಲವನ್ನೂ ಹೇಳಿದೆ. ಅವರು ಮೊದಲು ಅವಳ ಕೈ ಹಿಡಿದು ನಾಡಿ ನೋಡಿದರು, ಎದೆಗೆ ಕಿವಿಗೊಟ್ಟರು, ನನ್ನ ಪಕ್ಕದಲ್ಲೇ ನಿಂತು ಇನ್ನೊಮ್ಮೆ ಎಕೋ ಮಾಡಿಸಿದರು. ಬಹಳ ಹೊತ್ತು ಪರದೆ ನೋಡಿ, "ಕಮ್ಜೋರ್ ನಹೀ ಹೈ. ಥಕಾ ಹೈ," ಎಂದರು. ಕೈಲಾಗದ ಹೃದಯ ಅಲ್ಲ, ದಣಿದ ಹೃದಯ.

ನಾನು ಅದನ್ನು ಹಣಮವ್ವನಿಗೆ ತಿಳಿಯುವ ಹಾಗೆ ಹೇಳಲು ನೋಡಿದೆ. "ಇಟ್ಟಂಗಿ ಹೊತ್ತು ಹೊತ್ತು ನಿನ್ನ ಕುತ್ತಿಗಿ ಗಟ್ಟಿ ಆಗೈತಲ್ಲ, ಎದೀನೂ ಹಂಗ ಆಗೈತಿ. ಇಳಿಸದ ಹೊರ್ಸಿದ್ರ ಎಂಥಾ ಕುತ್ತಿಗೀನೂ ಒಂದಿನ ಬಾಗತೈತಿ."

"ಹಂಗಾರ ಭಾರ ಇಳಿಸ್ರಲ್ಲ. ಕುತ್ತಿಗೀಗಿ ಯಾಕ ಹೆಸರಿಡ್ತೀರಿ?"

ಹಬೀಬ್ ಸಾಹೇಬರಿಗೆ ಅದನ್ನು ಹಿಂದಿಯಲ್ಲಿ ಹೇಳಿದೆ. ಅವರು ಅಂದು ಮೊದಲ ಸಲ ನಕ್ಕರು. ಇಷ್ಟು ವರ್ಷ ಪಾಠ ಮಾಡಿದರೂ ತಾವು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ ಎಂದರು.

ಭಾರವನ್ನು ನಿಧಾನವಾಗಿ ಇಳಿಸಿದರು. ಇದನ್ನೂ ತಿಳಿದುಕೊಳ್ಳಿ: ಅಷ್ಟು ಎತ್ತರದ ಒತ್ತಡಕ್ಕೆ ಒಗ್ಗಿದ ಮೈಯಲ್ಲಿ ಅದನ್ನು ಒಮ್ಮೆಲೇ ಕೆಳಗೆಳೆದರೆ ಮಿದುಳಿಗೆ ರಕ್ತ ಸಾಲದಾಗುತ್ತದೆ. ಹತ್ತು ದಿನ ವಾರ್ಡಿನಲ್ಲಿದ್ದಳು. ಮೂರನೆಯ ದಿನ ಅಂಗಾತ ಮಲಗಿ ನಿದ್ದೆ ಮಾಡಿದಳು. ತಿಂಗಳುಗಳಿಂದ ಹಾಗೆ ಮಲಗಿರಲಿಲ್ಲವಂತೆ. ಸಾಬಣ್ಣ ಎಬ್ಬಿಸದೆ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಉಸಿರಾಟವನ್ನೇ ನೋಡುತ್ತಿದ್ದ.

ನನ್ನ ಲೆಕ್ಕ ಇನ್ನೂ ಬಾಕಿಯಿತ್ತು. ಹಳೆಯ ವರದಿಯ ಮೇಲೆ, ಇದರಲ್ಲಿನ ಬಿಪಿ ನಾನು ನೋಡಿದ್ದಲ್ಲ ಎಂದು ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿದರು ಹಬೀಬ್ ಸಾಹೇಬರು. ಬೈಯಲಿಲ್ಲ. ಮ್ಯಾನೇಜರನಿಂದ ಮೆಮೊ ಬಂತು. ಸಾಹೇಬರು ಅದೇ ಮೆಮೊ ಹಿಡಿದು ಅವನ ಕೋಣೆಗೆ ಹೋಗಿ, ಗೋಡೆಯ ಮೇಲಿನ ಹತ್ತು ನಿಮಿಷದ ಚೀಟಿ ಕಿತ್ತುಕೊಂಡು ಬಂದರು. ಅಂದಿನಿಂದ ನಿವೃತ್ತಿಯ ದಿನದವರೆಗೆ ಪಟ್ಟಿ ಕಟ್ಟದೆ ನಾನು ಯಾರ ಎದೆಯ ಮೇಲೂ ಪ್ರೋಬ್ ಇಡಲಿಲ್ಲ. ನೀವೂ ಇಡಬೇಡಿ. ಹೊರಗೆ ಸಾಲು ಎಷ್ಟೇ ಉದ್ದವಿರಲಿ.

ಮೂರು ತಿಂಗಳ ನಂತರ ಹಣಮವ್ವನ ಪಂಪಿಂಗ್ ನಲವತ್ತು. ಆಮೇಲೆ ತಂಗಿಯ ಮದುವೆಗೆಂದು ಊರಿಗೆ ಹೋದವಳು ಗುಳಿಗೆ ಬಿಟ್ಟು ಮೂವತ್ತನಾಲ್ಕಕ್ಕೆ ಇಳಿಸಿಕೊಂಡು ಬಂದಳು. "ಮೈ ಹಗುರಾಗಿತ್ರಿ, ಇನ್ನ ಗುಳಿಗಿ ಯಾಕ ಅಂದೆ." ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆದಿಂಬಿನ ಮೇಲೆ ಕೈಯಿಟ್ಟು ಮಲಗಿ ಹಾಡು ಕೇಳಿದಂತೆ ಕೇಳಿಸಿಕೊಂಡಳು. "ಬೈರಿ. ಅದಕ್ಕ ಬಂದೀನಿ. ಆ ಡಾಕ್ಟರ್ ತೆಲುಗಿನಾಗ ಬೈದ್ರ ನನಗ ಹತ್ತಂಗಿಲ್ಲ."

ಆಮೇಲೆ ಬಿಡಲಿಲ್ಲ. ಮುಂದಿನ ವರ್ಷ ಐವತ್ತೆರಡು. ಗೋಡೆಯೂ ಸ್ವಲ್ಪ ತೆಳ್ಳಗಾಗಿತ್ತು. ಸಂಬಳದ ದಿನಕ್ಕಿಂತ ಅವಳು ಬರುವ ದಿನವನ್ನು ನಾನು ಹೆಚ್ಚು ಕಾಯುತ್ತಿದ್ದೆ. ಅವಳ ಸರದಿಯನ್ನು ಕೊನೆಗೆ ಹಾಕಿಕೊಳ್ಳುತ್ತಿದ್ದೆ, ಮಾತಿಗೆ ಹೊತ್ತು ಸಿಗಲಿ ಎಂದು. ಹಣಮವ್ವ ತರುತ್ತಿದ್ದುದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾವಿಬ್ಬರೂ ಆ ತಣ್ಣನೆಯ ಕೋಣೆಯಲ್ಲಿ, ಯಂತ್ರ ಆರಿಸಿ, ಒಂದೇ ಶಾಲು ಹೊದ್ದು ಕೂತು ತಿನ್ನುತ್ತಿದ್ದೆವು. ನನ್ನ ತವರಿನವರು ಯಾರೂ ಆಗ ಉಳಿದಿರಲಿಲ್ಲ. ಅವಳ ಬಾಯಲ್ಲಿ ನಮ್ಮವ್ವನ ಮಾತುಗಳು ಬರುತ್ತಿದ್ದವು: ಮುಂಜಾನಿ, ಬುತ್ತಿ, ಹೌದಲ್ಲೋ. ಮರೆತೇ ಹೋಗಿದ್ದ ಮಾತುಗಳು.

ಕಟ್ಟಡ ಮುಗಿಯಿತು. ಗಾಜು ಕೂರಿಸುವವರು ಬಂದ ಮೇಲೆ ಇಟ್ಟಿಗೆ ಹೊರುವವರಿಗೆ ಕೆಲಸವಿಲ್ಲ. ಮೇಸ್ತ್ರಿ ಎಲ್ಲರನ್ನೂ ಪುಣೆಗೆ ಕರೆದೊಯ್ಯುತ್ತಾನಂತೆ ಎಂದು ಹೇಳಲು ಬಂದಳು. ಪರೀಕ್ಷೆಯ ದಿನವಲ್ಲ. "ಹೋಗೂ ಮುಂದ ಒಮ್ಮೆ ನನ್ನ ಎದೀ ನನಗ ತೋರಸ್ರಿ. ಬರೇ ನೀವ ನೋಡ್ತೀರಿ," ಎಂದಳು.

ಪರದೆಯನ್ನು ಅವಳ ಕಡೆಗೆ ತಿರುಗಿಸಿದೆ.

"ಅಲ್ಲಿ ಪಟಪಟ ಅನ್ನಾಕತ್ತೈತಲ್ಲ, ಅದೇನ್ರಿ?"

"ಅದು ಬಾಗಿಲಿದ್ದಂಗ. ರಗತ ಬಂದಾಗ ತಗೀತೈತಿ, ಆಮ್ಯಾಲ ಮುಚ್ಚತೈತಿ."

"ಯಾರು ತಗದು ಮುಚ್ಚತಾರ?"

"ಯಾರಿಲ್ಲ. ತಾನ. ನೀ ಮಲಗಿದ್ರೂ ನಡೀತೈತಿ."

ಅವಳು ಪರದೆಯ ಕಡೆಗೆ ಬೆರಳು ಚಾಚಿದಳು. "ಇಷ್ಟ್ ದಿನ ನಾ ಒಬ್ಬಾಕೀನ ದುಡೀತೀನಿ ಅಂತ ಮಾಡಿದ್ದೆ," ಎಂದಳು.

ಅವಳಿಗೆ ಓದು ಬಾರದು. ಬೆಳಗಿನ ಗುಳಿಗೆಗೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದು ಕೊಟ್ಟೆ. ಪುಣೆಯ ಯಾವ ಡಾಕ್ಟರಿಗಾದರೂ ತೋರಿಸಲು ಹಬೀಬ್ ಸಾಹೇಬರಿಂದ ಒಂದು ಕಾಗದ ಬರೆಸಿದೆ. ಗೇಟಿನವರೆಗೆ ಹೋಗಿ ಬಸ್ಸು ಹತ್ತಿಸಿ ಬಂದೆ. ಹೋದ ಮೇಲೆ ಫೋನು ಮಾಡಿಸು ಎಂದು ಆಸ್ಪತ್ರೆಯ ನಂಬರು ಕೊಟ್ಟಿದ್ದೆ. ಆ ವರ್ಷವೇ ಆಸ್ಪತ್ರೆಯ ನಂಬರುಗಳೆಲ್ಲ ಬದಲಾದವು.

ಹಬೀಬ್ ಸಾಹೇಬರು ಕೆಲವು ವರ್ಷಗಳ ಮೇಲೆ ಕೆಲಸ ಬಿಟ್ಟರು, ಆಮೇಲೆ ತೀರಿಕೊಂಡರು. ಟೇಪುಗಳು ಹೋಗಿ ಸಿಡಿ ಬಂತು, ಸಿಡಿ ಹೋಗಿ ಕಂಪ್ಯೂಟರು ಬಂತು. ಈಗಿನ ಯಂತ್ರ ಪಂಪಿಂಗನ್ನು ತಾನೇ ಲೆಕ್ಕ ಹಾಕಿ ಹೇಳುತ್ತದೆ, ನಮ್ಮಂತೆ ಅಂಚು ಹುಡುಕುತ್ತ ಕಣ್ಣು ನೋಯಿಸಿಕೊಳ್ಳಬೇಕಿಲ್ಲ. ಒಳ್ಳೆಯದೇ ಆಯಿತು. ಹಣಮವ್ವನ ಐವತ್ತೆರಡರ ಚಿತ್ರವನ್ನು ನಾನು ಇಟ್ಟುಕೊಂಡಿದ್ದೆ. ಆ ಕಾಗದದ ಗುಣವೇ ಹಾಗೆ, ವರ್ಷ ಕಳೆದಂತೆ ಬೆಳ್ಳಗಾಗುತ್ತದೆ. ಈಗ ಅದರಲ್ಲಿ ಏನೂ ಕಾಣುವುದಿಲ್ಲ.

ನಿವೃತ್ತಿಯಾದ ಮೇಲೆ ಬೆಳಿಗ್ಗೆ ನಡೆಯಲು ಹೋಗುತ್ತೇನೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಕೂಲಿಗೆ ಕರೆಯುವವರಿಗಾಗಿ ಜನ ಕಾಯುವ ಅಡ್ಡಾ ಇದೆ. ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ಬುತ್ತಿ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಮೆಟ್ರೋ ಕಂಬದ ಕೆಳಗೆ ನಿಂತು ಅವರ ಮಾತು ಕೇಳಿಸಿಕೊಳ್ಳುತ್ತೇನೆ. ಐತಿ, ಬರಾಕತ್ತೀನಿ ಎಂಬ ಸದ್ದು ಬಂದರೆ ಹತ್ತಿರ ಹೋಗಿ ಯಾವೂರವ್ವ ಎಂದು ಕೇಳುತ್ತೇನೆ. ಒಪ್ಪಿದವರ ಬಿಪಿ ನೋಡುತ್ತೇನೆ. ಹೆಚ್ಚಿದ್ದವರನ್ನು ಸರ್ಕಾರಿ ದವಾಖಾನೆಗೆ ಕಳಿಸುತ್ತೇನೆ. ಕೆಲವರು ಹೋಗುತ್ತಾರೆ.

ಹೋದ ಚಳಿಗಾಲದಲ್ಲಿ ಒಬ್ಬಳು ಹಣಮವ್ವನ ಊರಿನ ಹೆಸರನ್ನೇ ಹೇಳಿದಳು.

"ಅಲ್ಲಿ ಹಣಮವ್ವ ಅಂತ ಅದಾಳಲ್ಲ, ಹ್ಯಾಂಗ ಅದಾಳ?"

"ಯಾವ ಹಣಮವ್ವ್ರಿ? ನಮ್ಮೂರಾಗ ಓಣಿಗೊಬ್ಬಾಕಿ ಅದಾಳ."

"ಸಾಬಣ್ಣನ ಹೆಂತಿ."

"ಸಾಬಣ್ಣಗೋಳಿಗೂ ಬರ ಇಲ್ರಿ. ಯಾರ ಮನಿತನ? ಅಡ್ಡಹೆಸರೇನು?"

ನನಗೆ ಗೊತ್ತಿರಲಿಲ್ಲ. ಅವಳ ಹೃದಯದ ಗೋಡೆ ಯಾವ ವರ್ಷ ಎಷ್ಟು ದಪ್ಪವಿತ್ತು, ಯಾವ ಬಾಗಿಲು ಎಷ್ಟು ಅಗಲ ತೆರೆಯುತ್ತಿತ್ತು ಎಂದು ಹೇಳಬಲ್ಲೆ. ಅಡ್ಡಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಮಕ್ಕಳ ಹೆಸರನ್ನೂ ಕೇಳಿರಲಿಲ್ಲ. ಮಾತೆಲ್ಲ ನನ್ನದೇ ಆಗಿತ್ತೋ ಏನೋ.

ಅಷ್ಟರಲ್ಲಿ ಮೇಸ್ತ್ರಿಯ ಗಾಡಿ ಬಂತು. ಆ ಹೆಂಗಸು ಬುತ್ತಿ ಎತ್ತಿಕೊಂಡು ಎದ್ದಳು. ಊರಿಗೆ ಹೋದಾಗ ಓಣಿ ಓಣಿ ಕೇಳಿ ಬರತೀನ್ರಿ ಎಂದು ನನ್ನ ಮುಖ ನೋಡಿ ಧೈರ್ಯ ಹೇಳಿದಳು. ಗಾಡಿಯ ಹಿಂದೆ ಹತ್ತಿ ನಿಂತ ಮೇಲೆ ಏನೋ ನೆನಪಾಗಿ ಬಗ್ಗಿ ಕೂಗಿದಳು:

"ಆಯೀ, ಆಕಿ ನಿಮಗ ಏನಾಗಬೇಕ್ರಿ? ಯಾರು ಕೇಳ್ಯಾರಂತ ಹೇಳಲಿ?"

ರೋಗಿ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಬರಲಿಲ್ಲ.

"ನಮ್ಮಾಕಿ," ಎಂದೆ. ಗಾಡಿಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಕೂಗಿದೆ. "ನಮ್ಮಾಕಿ ಆಗಬೇಕವ್ವ!"